ಗುರಿ ತಪ್ಪದ ವಿಷ

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆ ವಿಷ ಎಂದೊಡನೆ ನೆನಪಾಗುವುದು ಹಾವು. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕಿಳಿಯುವವರು ನಾಗರಹಾವು, ಕೊಳಕುಮಂಡಲಗಳಿಗೆ ಹೆದರಿ ನೆಲ ನೋಡಿಕೊಂಡೇ ಹೆಜ್ಜೆ ಇಡಬೇಕು. ಆ ಭಯಕ್ಕೆ ಕಾರಣವೂ ಇದೆ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕೆಂದು ಕರ್ನಾಟಕ 2024ರಲ್ಲಿ ಕಡ್ಡಾಯ ಮಾಡಿತು. ಅದೇ ತೋಟದಲ್ಲಿ ಮಳೆ ಬಿದ್ದ ರಾತ್ರಿ ಹೊರಬರುವ ಬಸವನಹುಳುವಿಗೆ ಮಾತ್ರ ಯಾರೂ ಅಂಜುವುದಿಲ್ಲ. ಎಳೆ ಸೊಪ್ಪನ್ನು ಕೆರೆದು ತಿನ್ನುತ್ತದೆಂದು ಬೈದುಕೊಂಡಾರು, ಅಷ್ಟೆ. ಆದರೆ ಈ ಬಡಪಾಯಿ ಜೀವಿಯ ದೂರದ ನೆಂಟರ ಕುಲವೊಂದು ಸಮುದ್ರದಲ್ಲಿದೆ. ಅದರಲ್ಲಿ ಕೆಲವು ಮೀನನ್ನೇ ಬೇಟೆಯಾಡಿ ಬದುಕುತ್ತವೆ; ಒಂದೆರಡು ಜಾತಿಗಳು ಚುಚ್ಚಿ ಮನುಷ್ಯರೂ ಸತ್ತಿದ್ದಾರೆ. ಇಂಗ್ಲಿಷಿನಲ್ಲಿ ಕೋನ್ ಸ್ನೇಲ್ ಎಂದು ಕರೆಯುವ ಇವನ್ನು ಇಲ್ಲಿ ಶಂಕು ಬಸವನಹುಳು ಎನ್ನೋಣ. ಇವು ಕೊಲ್ಲುತ್ತವೆ ಎಂಬ ಸಂಗತಿಯೇ ಸಾಮಾನ್ಯವಾಗಿ ಸುದ್ದಿಯಾಗುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ಇವುಗಳ ವಿಷಕ್ಕಿರುವ ಗುರಿ. ದೇಹದ ಲಕ್ಷಾಂತರ ಅಣುಗಳ ನಡುವೆ ತನಗೆ ಬೇಕಾದ ಒಂದನ್ನೇ ಹುಡುಕಿ ಹಿಡಿಯುವ ಆ ಗುರಿಯಿಂದಲೇ ಬೇಟೆ ಸಾಧ್ಯವಾಗಿದೆ, ಅದರಿಂದಲೇ ಔಷಧಿಯೂ ಹುಟ್ಟಿದೆ. ಕಡಲಿನಿಂದ ದೂರದ ಒಳನಾಡಿನವರೂ ಈ ಪ್ರಾಣಿಗಳ ಉಳಿವನ್ನು ತಮ್ಮ ಕಾಳಜಿ ಎಂದುಕೊಳ್ಳಬೇಕಾದ್ದು ಅದೇ ಕಾರಣಕ್ಕೆ.

ಶಂಕು ಬಸವನಹುಳುಗಳಲ್ಲಿ ಒಂಬೈನೂರಕ್ಕೂ ಹೆಚ್ಚು ಜಾತಿಗಳಿವೆ. ಬಹುಪಾಲು ಉಷ್ಣವಲಯದ ಸಮುದ್ರಗಳಲ್ಲಿ, ಹವಳದ ದಿಬ್ಬಗಳ ಮರಳಿನಲ್ಲೂ ಬಂಡೆಗಳ ಸಂದಿಯಲ್ಲೂ ಇರುತ್ತವೆ. ಚಿಪ್ಪಿನ ಮೇಲಿನ ಚಿತ್ತಾರ ಎಷ್ಟು ಚೆಂದವೆಂದರೆ, ಡಚ್ ಕಲಾವಿದ ರೆಂಬ್ರಾಂಟ್ 1650ರಲ್ಲಿ ಇಂಥದೊಂದು ಚಿಪ್ಪನ್ನೇ ವಿಷಯವಾಗಿಟ್ಟುಕೊಂಡು ಚಿತ್ರ ಕೊರೆದ. ಆಹಾರದ ಮಟ್ಟಿಗೆ ಇವುಗಳಲ್ಲಿ ಮೂರು ಪಂಗಡ. ಹೆಚ್ಚಿನವು ಸಮುದ್ರದ ಹುಳುಗಳನ್ನು ತಿನ್ನುತ್ತವೆ, ಕೆಲವು ಬೇರೆ ಬಸವನಹುಳುಗಳನ್ನು ತಿನ್ನುತ್ತವೆ, ಇನ್ನು ಕೆಲವು ಮೀನನ್ನು ತಿನ್ನುತ್ತವೆ. ಮೀನು ತಿನ್ನುವುದು ಅಂದರೆ ಎಂಥ ಸವಾಲು ಎಂದು ಯೋಚಿಸಿ ನೋಡಬೇಕು. ಬೇಟೆಗಾರನಿಗೆ ಓಡಲು ಬಾರದು, ಈಜಲು ಬಾರದು. ಬೇಟೆಯಾದರೋ ಕಣ್ಣು ಮಿಟುಕಿಸುವಷ್ಟರಲ್ಲಿ ಮಾರು ದೂರ ಹೋಗಿರುತ್ತದೆ. ಚುಚ್ಚಿದ ಮೀನು ಐದು ನಿಮಿಷ ಬಿಟ್ಟು ಸತ್ತರೆ ಬಸವನಹುಳುವಿಗೆ ಏನೂ ದಕ್ಕುವುದಿಲ್ಲ. ಅಷ್ಟರಲ್ಲಿ ಅದು ಎಲ್ಲೋ ಹೋಗಿ ಇನ್ನಾವುದರದೋ ಪಾಲಾಗಿರುತ್ತದೆ. ಹೀಗಾಗಿ ಇದರ ವಿಷ ಕೊಲ್ಲುವ ವಿಷವಾಗುವ ಮೊದಲು ನಿಲ್ಲಿಸುವ ವಿಷವಾಗಬೇಕಿತ್ತು, ಅದೂ ಒಂದೆರಡು ಸೆಕೆಂಡಿನೊಳಗೆ. ಕೊಳಕುಮಂಡಲಕ್ಕೆ ಈ ಒತ್ತಡವಿಲ್ಲ. ಕಚ್ಚಿಸಿಕೊಂಡ ಇಲಿ ಒಂದಿಷ್ಟು ದೂರ ಓಡಿ ಬಿದ್ದರೂ ವಾಸನೆ ಹಿಡಿದು ಹಿಂದೆ ಹೋಗಿ ನುಂಗಬಲ್ಲದು. ನಿಧಾನವೇ ಶಂಕು ಬಸವನಹುಳುವಿನ ವಿಷವನ್ನು ಇಷ್ಟು ಚುರುಕು ಮಾಡಿದೆ.

ವಿಷವನ್ನು ಒಳಹೊಗಿಸುವ ಆಯುಧವನ್ನು ಹತ್ತಿರದಿಂದ ನೋಡಿದರೆ ಇದು ನಮ್ಮ ತೋಟದ ಬಸವನಹುಳುವಿನ ನೆಂಟ ಎಂಬುದು ಖಚಿತವಾಗುತ್ತದೆ. ತೋಟದ ಬಸವನಹುಳುವಿನ ಬಾಯಲ್ಲಿ ಸಾವಿರಾರು ಪುಟ್ಟ ಹಲ್ಲುಗಳು ಸಾಲುಗಟ್ಟಿದ ಒಂದು ಪಟ್ಟಿ ಇದೆ. ಎಲೆಯನ್ನು ಅದು ಕೆರೆಯುವುದು ಇದರಿಂದ. ಶಂಕು ಬಸವನಹುಳುವಿನಲ್ಲಿ ಅದೇ ಪಟ್ಟಿಯ ಹಲ್ಲುಗಳು ಉದ್ದವಾಗಿ, ಸುರುಳಿ ಸುತ್ತಿಕೊಂಡು, ಒಳಗೆ ಟೊಳ್ಳಾದ ಸೂಜಿಗಳಾಗಿವೆ. ಮೀನು ಹಿಡಿಯುವ ಜಾತಿಗಳಲ್ಲಿ ಸೂಜಿಯ ತುದಿಗೆ ಹಿಮ್ಮುಳ್ಳು ಕೂಡ ಇದೆ. ಇಂಥ ಹತ್ತಾರು ಸೂಜಿಗಳು ಒಂದು ಚೀಲದಲ್ಲಿ ತಯಾರಾಗಿರುತ್ತವೆ. ಮೀನಿನ ವಾಸನೆ ನೀರಿನಲ್ಲಿ ಸಿಕ್ಕೊಡನೆ ಪ್ರಾಣಿ ಮರಳಿನಡಿಯಿಂದ ಎದ್ದು ತನ್ನ ಉದ್ದನೆಯ ಸೊಂಡಿಲನ್ನು ಮೆಲ್ಲಗೆ ಚಾಚುತ್ತದೆ. ಸೊಂಡಿಲ ತುದಿಯಲ್ಲಿ ಒಂದೇ ಒಂದು ಸೂಜಿ ಸಿದ್ಧವಾಗಿರುತ್ತದೆ. ಹಿಂದೆ ಸ್ನಾಯುಗಳು ದ್ರವವನ್ನು ಒತ್ತಿ ಹಿಡಿದಿರುತ್ತವೆ. ತುದಿ ಮೀನಿಗೆ ಸೋಕಿತೋ, ಆ ಒತ್ತಡವೆಲ್ಲ ಬಿಡುಗಡೆಯಾಗಿ ಸೂಜಿ ಮೈಯೊಳಗೆ ನುಗ್ಗುತ್ತದೆ. ಕೋನಸ್ ಕ್ಯಾಟಸ್ ಎಂಬ ಜಾತಿಯಲ್ಲಿ ಇದಕ್ಕೆ ಹಿಡಿಯುವ ಹೊತ್ತು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಸುರುಳಿಯಾಗಿ ಮಡಚಿಕೊಂಡ ಉದ್ದನೆಯ ವಿಷನಾಳದ ಕೊನೆಯಲ್ಲಿರುವ ಸ್ನಾಯುಗಡ್ಡೆ ವಿಷವನ್ನು ಸೂಜಿಯೊಳಕ್ಕೆ ತಳ್ಳುತ್ತದೆ. ಮೀನು ಅಲ್ಲೇ ಸೆಟೆದುಕೊಳ್ಳುತ್ತದೆ. ಸೂಜಿಯ ಬುಡವನ್ನು ಬಿಡದೆ ಹಿಡಿದ ಸೊಂಡಿಲು ಅದನ್ನು ಎಳೆದುಕೊಳ್ಳುತ್ತದೆ, ಹಿಗ್ಗಿದ ಬಾಯಿ ಇಡಿಯಾಗಿ ನುಂಗುತ್ತದೆ. ಕೆಲವು ಗಂಟೆ ಕಳೆದ ಮೇಲೆ ಮೂಳೆ, ಪೊರೆಗಳ ಜೊತೆ ಬಳಸಿದ ಸೂಜಿಯೂ ಹೊರಬೀಳುತ್ತದೆ. ಒಂದು ಸೂಜಿಗೆ ಒಂದೇ ಬೇಟೆ.

ಇನ್ನು ಆ ವಿಷದಲ್ಲಿ ಏನಿದೆ? ನರದಲ್ಲಿ ಸಂದೇಶ ಹರಿಯುವುದು ವಿದ್ಯುತ್ತಿನ ರೂಪದಲ್ಲಿ. ನರಕೋಶದ ಗೋಡೆಯಲ್ಲಿರುವ ಅತಿ ಸೂಕ್ಷ್ಮ ದಾರಿಗಳು ತೆರೆದು ಮುಚ್ಚಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳನ್ನು ಒಳಗೆ ಹೊರಗೆ ಬಿಟ್ಟಾಗ ಈ ವಿದ್ಯುತ್ತು ಹುಟ್ಟುತ್ತದೆ. ನಮ್ಮ ಸೀಮೆಯ ಕೆರೆಯ ತೂಬಿನ ಹಾಗೆ ಇವು: ಹೊತ್ತಿಗೆ ಸರಿಯಾಗಿ ತೆಗೆಯಬೇಕು, ಹೊತ್ತಿಗೆ ಸರಿಯಾಗಿ ಮುಚ್ಚಬೇಕು. ತೂಬು ತೆರೆದೇ ಕಚ್ಚಿಕೊಂಡರೂ ಗದ್ದೆ ಹಾಳು, ಮುಚ್ಚಿಯೇ ಕಚ್ಚಿಕೊಂಡರೂ ಹಾಳು. ಶಂಕು ಬಸವನಹುಳುವಿನ ವಿಷದಲ್ಲಿರುವುದು ಈ ತೂಬುಗಳನ್ನು ಒಂದೊಂದಾಗಿ ಕೆಡಿಸುವ ಪೆಪ್ಟೈಡ್‌ಗಳು, ಅಂದರೆ ಹತ್ತರಿಂದ ನಲವತ್ತು ಅಮೈನೋ ಆಮ್ಲಗಳಷ್ಟೇ ಉದ್ದದ ಪುಟ್ಟ ಪ್ರೋಟೀನ್ ತುಣುಕುಗಳು. ಒಂದೊಂದು ಜಾತಿಯಲ್ಲಿ ಇಂಥವು ನೂರಕ್ಕೂ ಮಿಕ್ಕಿ ಇರುತ್ತವೆ. ಮೀನು ಹಿಡಿಯುವ ಕೋನಸ್ ಪರ್ಪ್ಯುರಾಸೆನ್ಸ್‌ನ ವಿಷ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲ ಹಂತದ ಪೆಪ್ಟೈಡ್‌ಗಳಲ್ಲಿ ಕೆಲವು ಸೋಡಿಯಂ ತೂಬನ್ನು ಮುಚ್ಚಲು ಬಿಡುವುದಿಲ್ಲ, ಕೆಲವು ಪೊಟ್ಯಾಸಿಯಂ ತೂಬನ್ನು ತೆರೆಯಲು ಬಿಡುವುದಿಲ್ಲ. ಚುಚ್ಚಿದ ಜಾಗದ ನರಗಳೆಲ್ಲ ಒಮ್ಮೆಗೇ ಕೆರಳಿ ಮೈಯ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಮೀನು ಕ್ಷಣದಲ್ಲಿ ಸೆಟೆದುಕೊಳ್ಳುವುದು ಇದರಿಂದ. ಎರಡನೇ ಹಂತದವು ಸ್ವಲ್ಪ ನಿಧಾನ. ರಕ್ತದಲ್ಲಿ ಹರಡಿ ನರ ಮತ್ತು ಸ್ನಾಯು ಕೂಡುವಲ್ಲಿಗೆ ಹೋಗಿ ಅಲ್ಲಿನ ಸಂದೇಶವನ್ನೇ ತಡೆಯುತ್ತವೆ. ಸೆಟೆದ ಮೀನು ಸಡಿಲವಾಗಿ ಸುಮ್ಮನಾಗುತ್ತದೆ. ಮೊದಲನೆಯದು ಬೇಟೆ ತಪ್ಪಿಸಿಕೊಳ್ಳದಂತೆ ನೋಡಿಕೊಂಡರೆ ಎರಡನೆಯದು ಚೇತರಿಸಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಇಲ್ಲಿ ಪ್ರಮಾಣಕ್ಕಿಂತ ಹೊಂದಾಣಿಕೆಯ ಕೆಲಸವೇ ಹೆಚ್ಚು.

ಎಲ್ಲ ಜಾತಿಗಳೂ ಈ ಒಂದೇ ದಾರಿ ಹಿಡಿದಿಲ್ಲ. ಕೋನಸ್ ಜಿಯೋಗ್ರಾಫಸ್ ಎಂಬ ದೊಡ್ಡ ಜಾತಿ ರಾತ್ರಿ ಹೊತ್ತಿನಲ್ಲಿ ಹವಳದ ಸಂದಿಗಳಲ್ಲಿ ಅಡಗಿದ ಮೀನುಗಳ ಬಳಿ ಹೋಗಿ ತನ್ನ ಬಾಯನ್ನು ಬಲೆಯಷ್ಟು ಅಗಲ ಮಾಡುತ್ತದೆ. ಅಚ್ಚರಿಯೆಂದರೆ ಮೀನುಗಳು ಗಾಬರಿಯಾಗಿ ಓಡುವುದಿಲ್ಲ, ಮಂಕು ಹಿಡಿದಂತೆ ಅದರೊಳಕ್ಕೆ ಸರಿದುಹೋಗುತ್ತವೆ. ಒಳಗಾದ ಮೇಲೆ ಒಂದೊಂದನ್ನೂ ಚುಚ್ಚುವ ಕೆಲಸ. ಈ ಮಂಕಿಗೆ ಒಂದು ವಿವರಣೆ 2015ರಲ್ಲಿ ಸಿಕ್ಕಿತು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಹೆಲೆನಾ ಸಫಾವಿ-ಹೆಮಾಮಿ ಮತ್ತು ಸಂಗಡಿಗರು ಇದರ ವಿಷದಲ್ಲಿ ಇನ್ಸುಲಿನ್ ಪತ್ತೆ ಮಾಡಿದರು. ಅದು ಬಸವನಹುಳುವಿನ ಮೈಯಲ್ಲಿ ಸಹಜವಾಗಿರುವ ಇನ್ಸುಲಿನ್‌ಗಿಂತ ಮೀನಿನ ಇನ್ಸುಲಿನ್ನನ್ನೇ ಹೆಚ್ಚು ಹೋಲುತ್ತಿತ್ತು. ಮೀನಿಗೆ ಚುಚ್ಚಿದಾಗ ರಕ್ತದ ಸಕ್ಕರೆ ಇಳಿಯಿತು, ನೀರಿಗೆ ಬೆರೆಸಿದಾಗ ಮೀನುಗಳ ಈಜು ಕುಂದಿತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಇರುವ ಮನೆಗಳಲ್ಲಿ ಸಕ್ಕರೆ ಒಮ್ಮೆಗೇ ಇಳಿದರೆ ಏನಾಗುತ್ತದೆಂದು ಗೊತ್ತಿರುತ್ತದೆ: ಕೈಕಾಲು ನಡುಗುತ್ತದೆ, ತಲೆ ಓಡುವುದಿಲ್ಲ. ಹುಳು ತಿನ್ನುವ ಕೋನಸ್ ಇಂಪೀರಿಯಾಲಿಸ್‌ದು ಮತ್ತೊಂದು ಬಗೆ. ಸಮುದ್ರದ ಹುಳುಗಳು ಕೂಡುವ ಕಾಲದಲ್ಲಿ ನೀರಿಗೆ ಬಿಡುವ ಸಂಕೇತಗಳನ್ನು ಹೋಲುವ ಸಣ್ಣ ಅಣುಗಳು ಇದರ ವಿಷದಲ್ಲಿವೆಯೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪ್ರಯೋಗಾಲಯದಲ್ಲಿ ಅವು ಸೋಕಿದ ಹುಳುಗಳು ಕೂಡುವ ವರ್ತನೆಯನ್ನು ತೋರಿದವು. ಬಿಲದಲ್ಲಿ ಅಡಗಿದ ಹುಳುವನ್ನು ಹೊರಗೆಳೆಯಲು ಇದು ನೆರವಾಗುತ್ತಿರಬೇಕೆಂದು ಸಂಶೋಧಕರು ಎಣಿಸಿದ್ದಾರೆ. ಮೀನು ತಿನ್ನುವುದರಲ್ಲಿ ಮೀನಿನ ಇನ್ಸುಲಿನ್, ಹುಳು ತಿನ್ನುವುದರಲ್ಲಿ ಹುಳುವಿನ ಸಂಕೇತ. ಬೇಟೆಯ ದೇಹದ ಒಳಗುಟ್ಟು ವಿಷದಲ್ಲಿ ಅಚ್ಚೊತ್ತಿದೆ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ವಿಷಕ್ಕೆ ಇಷ್ಟೊಂದು ಗುರಿ ಇದ್ದರೆ ಅದು ಮನುಷ್ಯರನ್ನೇಕೆ ಕೊಲ್ಲುತ್ತದೆ? ಯಾವ ಬಸವನಹುಳುವೂ ಮನುಷ್ಯನನ್ನು ತಿನ್ನುವುದಿಲ್ಲವಲ್ಲ. ಇದಕ್ಕೆ ಉತ್ತರ ಎರಡು ಭಾಗದಲ್ಲಿದೆ. ನರದ ತೂಬುಗಳು ಬಹಳ ಹಳೆಯ ರಚನೆಗಳು. ಮೀನಿನವಕ್ಕೂ ನಮ್ಮವಕ್ಕೂ ಹೋಲಿಕೆ ಹೆಚ್ಚು. ಮೀನಿಗೆಂದು ಹದಗೊಂಡ ಪೆಪ್ಟೈಡ್ ನಮ್ಮ ಮೇಲೂ ಕೆಲಸ ಮಾಡುವುದು ಅದರಿಂದ. ಎರಡನೆಯದು ಇನ್ನೂ ಮುಖ್ಯ. ಜಿಯೋಗ್ರಾಫಸ್ ಬೇಟೆಗೆ ಒಂದು ವಿಷವನ್ನೂ ಆತ್ಮರಕ್ಷಣೆಗೆ ಇನ್ನೊಂದು ವಿಷವನ್ನೂ ಬಳಸುತ್ತದೆ, ಅವು ವಿಷನಾಳದ ಬೇರೆ ಬೇರೆ ಭಾಗಗಳಲ್ಲಿ ತಯಾರಾಗುತ್ತವೆ ಎಂದು 2014ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುವ ಪೆಪ್ಟೈಡ್‌ಗಳು ತುಂಬಿರುವುದು ಆತ್ಮರಕ್ಷಣೆಯ ವಿಷದಲ್ಲಿ. ಚಿಪ್ಪು ಚೆಂದವಿದೆಯೆಂದು ಕೈಗೆತ್ತಿಕೊಂಡವರಿಗೆ ಸಿಗುವುದು ಇದೇ. ಉಸಿರಾಟದ ಸ್ನಾಯುಗಳು ನಿಂತುಹೋದರೆ ಸಾವು. ಇದಕ್ಕೆ ಹಾವಿನ ವಿಷಕ್ಕಿರುವಂಥ ಪ್ರತಿವಿಷ ಇಲ್ಲ. ವಿಷದ ಪ್ರಭಾವ ಇಳಿಯುವವರೆಗೆ ಕೃತಕ ಉಸಿರಾಟ ಕೊಡುವುದೇ ಚಿಕಿತ್ಸೆ. ಆದರೂ ಇಂಥ ಸಾವುಗಳ ದಾಖಲೆ ಶತಮಾನಗಳನ್ನೆಲ್ಲ ಸೇರಿಸಿದರೂ ಕೆಲವೇ ಹತ್ತುಗಳಷ್ಟು, ಅದರಲ್ಲಿ ಹೆಚ್ಚಿನವು ಈ ಒಂದೇ ಜಾತಿಯಿಂದ. ಬೇಟೆಗೊಂದು, ರಕ್ಷಣೆಗೊಂದು ಎಂದು ವಿಷವನ್ನು ವಿಂಗಡಿಸಿಟ್ಟುಕೊಳ್ಳುವ ಪ್ರಾಣಿಯನ್ನು ನೋಡಿದಾಗ ಗುರಿಯ ವಾದ ಬಲಗೊಳ್ಳುತ್ತದೆಯೇ ಹೊರತು ಬಿದ್ದುಹೋಗುವುದಿಲ್ಲ.

ಈ ಗುರಿ ಮನುಷ್ಯನಿಗೆ ಉಪಯೋಗಕ್ಕೆ ಬಂದ ಕಥೆ ಶುರುವಾದದ್ದು ಫಿಲಿಪ್ಪೀನ್ಸ್‌ನಲ್ಲಿ. ಅಮೆರಿಕದಲ್ಲಿ ಓದಿ ತಾಯ್ನಾಡಿಗೆ ಮರಳಿದ ಬಾಲ್ಡೊಮೆರೊ ಒಲಿವೆರಾ ಅವರ ಕೈಯಲ್ಲಿ ದುಬಾರಿ ಉಪಕರಣಗಳಿರಲಿಲ್ಲ. ತಮ್ಮ ಕಡಲಲ್ಲಿ ಧಾರಾಳವಾಗಿ ಸಿಗುವ ಶಂಕು ಬಸವನಹುಳುಗಳ ವಿಷವನ್ನು ಅವರು ಲೂರ್ಡಿಸ್ ಕ್ರೂಸ್ ಜೊತೆ ಸೇರಿ ಪರೀಕ್ಷಿಸತೊಡಗಿದರು. ಮುಂದೆ ಯೂಟಾದಲ್ಲಿ ಅವರ ವಿದ್ಯಾರ್ಥಿ ಕ್ರೇಗ್ ಕ್ಲಾರ್ಕ್ ವಿಷದ ಒಂದೊಂದು ಅಂಶವನ್ನೂ ಬೇರ್ಪಡಿಸಿ ಇಲಿಯ ಮಿದುಳಿಗೆ ನೇರವಾಗಿ ಚುಚ್ಚಿ ನೋಡಿದ. ಒಂದು ಅಂಶಕ್ಕೆ ಇಲಿಮರಿ ನಿದ್ದೆ ಹೋಯಿತು, ಇನ್ನೊಂದಕ್ಕೆ ಇಲಿ ನಡುಗತೊಡಗಿತು. ವಿಷ ಎಂಬುದು ಒಂದೇ ವಸ್ತು ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು. ನಡುಕ ಹುಟ್ಟಿಸುವ ಅಂಶವನ್ನು ಕೋನಸ್ ಮೇಗಸ್ ಎಂಬ ಮೀನು ಬೇಟೆಗಾರನ ವಿಷದಿಂದ ಬೇರ್ಪಡಿಸಿದವರು ಮೈಕೆಲ್ ಮ್ಯಾಕಿಂಟಾಷ್; ಆಗಿನ್ನೂ ಅವರು ಹದಿಹರೆಯದ ವಿದ್ಯಾರ್ಥಿ. ಇಪ್ಪತ್ತೈದು ಅಮೈನೋ ಆಮ್ಲಗಳ ಆ ಪೆಪ್ಟೈಡ್, ನೋವಿನ ಸಂದೇಶ ಬೆನ್ನುಹುರಿಗೆ ದಾಟುವ ಜಾಗದ ಒಂದು ಬಗೆಯ ಕ್ಯಾಲ್ಸಿಯಂ ತೂಬನ್ನು ಮುಚ್ಚುತ್ತದೆ. ಅದನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ ಝಿಕೊನೊಟೈಡ್ ಎಂಬ ಹೆಸರಿನಲ್ಲಿ ಔಷಧಿಯಾಗಿಸಿದರು. 2004ರ ಡಿಸೆಂಬರಿನಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಮಾರ್ಫಿನ್‌ಗೂ ಬಗ್ಗದ ನೋವು ಅನುಭವಿಸುವ ಕ್ಯಾನ್ಸರ್ ರೋಗಿಗಳಂಥವರಿಗೆ ಇದನ್ನು ಕೊಡುತ್ತಾರೆ. ಮಾರ್ಫಿನ್‌ನಂತೆ ದೇಹ ಇದಕ್ಕೆ ಒಗ್ಗಿಹೋಗಿ ದಿನದಿನಕ್ಕೆ ಹೆಚ್ಚು ಕೇಳುವುದಿಲ್ಲ.

ಇಷ್ಟು ವರ್ಷ ದುಡಿದು ಬಂದದ್ದು ಒಂದೇ ಔಷಧಿಯೇ ಎಂದು ಯಾರಾದರೂ ಕೇಳಬಹುದು. ಆ ಔಷಧಿಯೂ ಸುಲಭದ್ದಲ್ಲ. ಮಾತ್ರೆಯಾಗಿ ನುಂಗುವಂತಿಲ್ಲ, ಪಂಪ್ ಅಳವಡಿಸಿ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಹಾಕಬೇಕು. ಕೆಲವರಿಗೆ ಗೊಂದಲ, ಭ್ರಮೆಗಳಾಗುತ್ತವೆ. ಈ ಆಕ್ಷೇಪ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಲೆಕ್ಕ ಹಾಕುವಾಗ ಔಷಧಿಗಳನ್ನು ಮಾತ್ರ ಎಣಿಸಿದರೆ ಹೆಚ್ಚಿನದು ಲೆಕ್ಕದಿಂದ ಹೊರಗೇ ಉಳಿಯುತ್ತದೆ. ನರಕೋಶದಲ್ಲಿ ಕ್ಯಾಲ್ಸಿಯಂ ತೂಬುಗಳು ಒಂದೇ ಬಗೆಯವಲ್ಲ, ಹಲವು ಬಗೆಯವು ಎಂದು ಬಿಡಿಸಿ ನೋಡಲು ವಿಜ್ಞಾನಿಗಳಿಗೆ ಸಾಧನವಾದದ್ದು ಇದೇ ಪೆಪ್ಟೈಡ್‌ಗಳು. ಒಂದನ್ನು ಮುಚ್ಚಿ ಉಳಿದವನ್ನು ಹಾಗೆಯೇ ಬಿಡುವ ಗುರಿ ಇದ್ದುದರಿಂದಲೇ ಯಾವುದು ಯಾವ ಕೆಲಸ ಮಾಡುತ್ತದೆಂದು ತಿಳಿಯಿತು. ನೋವಿನ ಬಗ್ಗೆ, ಅಪಸ್ಮಾರದ ಬಗ್ಗೆ ಇಂದು ಗೊತ್ತಿರುವುದರಲ್ಲಿ ಇಂಥ ಸಾಧನಗಳ ಪಾಲಿದೆ. ಇನ್ಸುಲಿನ್ ವಿಷಯವನ್ನೇ ನೋಡಿ. ಮನುಷ್ಯನ ಇನ್ಸುಲಿನ್ ಆರಾರು ಅಣುಗಳ ಗುಂಪಾಗಿ ಅಂಟಿಕೊಂಡಿರುತ್ತದೆ. ಚುಚ್ಚುಮದ್ದು ತೆಗೆದುಕೊಂಡ ಮೇಲೆ ಅವು ಬಿಡಿಬಿಡಿಯಾಗುವವರೆಗೆ ಕಾಯಬೇಕು. ಬಸವನಹುಳುವಿನ ಇನ್ಸುಲಿನ್‌ನಲ್ಲಿ ಹೀಗೆ ಅಂಟಿಸುವ ತುಂಡೇ ಇಲ್ಲ, ಆದರೂ ಅದು ಕೆಲಸ ಮಾಡುತ್ತದೆ. ಹೇಗೆ ಎಂದು ಅರಿತ ಸಂಶೋಧಕರು ಅದೇ ತತ್ವದ ಮೇಲೆ ಕಿರಿದಾಗಿಸಿದ ಮಾನವ ಇನ್ಸುಲಿನ್ನನ್ನು 2020ರಲ್ಲಿ ವರದಿ ಮಾಡಿದರು. ಅದಿನ್ನೂ ಔಷಧಿ ಅಂಗಡಿಗೆ ಬಂದಿಲ್ಲ. ಬೇಗ ಕೆಲಸ ಮಾಡುವ ಇನ್ಸುಲಿನ್ ಹೀಗೂ ಇರಬಹುದು ಎಂಬ ದಾರಿಯನ್ನು ಮಾತ್ರ ತೋರಿಸಿದ್ದು ಬಸವನಹುಳು.

ಈ ಕೆಲಸವೆಲ್ಲ ದೂರದ ದೇಶಗಳದ್ದು ಎಂದುಕೊಳ್ಳಬೇಕಾಗಿಲ್ಲ. ಚನ್ನಪಟ್ಟಣದಿಂದ ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಮ್ ಅವರ ಪ್ರಯೋಗಾಲಯ ತಮಿಳುನಾಡು ಕರಾವಳಿಯ ಶಂಕು ಬಸವನಹುಳುಗಳ ವಿಷದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅವರ ಜೊತೆಗಿದ್ದವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೂ ದುಡಿದ ನರವಿಜ್ಞಾನಿ ಕೆ.ಎಸ್. ಕೃಷ್ಣನ್. ಕೋನಸ್ ಅಮಾಡಿಸ್ ಎಂಬ ಜಾತಿಯಲ್ಲಿ ಅವರು ಕಂಡ ಒಂದು ಪೆಪ್ಟೈಡ್ ಇಪ್ಪತ್ತಾರು ಅಮೈನೋ ಆಮ್ಲಗಳದ್ದು. ಅದು ಸೋಡಿಯಂ ತೂಬನ್ನು ಮುಚ್ಚಲು ಬಿಡುವುದಿಲ್ಲ ಎಂದು ಸಂಸ್ಥೆಯ ಎಸ್.ಕೆ. ಸಿಕ್ದರ್ ಅವರೊಂದಿಗೆ ಸೇರಿ ಮಾಡಿದ ಪ್ರಯೋಗಗಳು ತೋರಿಸಿದವು. ಆ ವರದಿ 2003ರಲ್ಲಿ ಪ್ರಕಟವಾಯಿತು. ಅದರ ಮೂರು ಆಯಾಮದ ರಚನೆಯನ್ನು ಸಿದ್ಧಾರ್ಥ ಶರ್ಮ ಮತ್ತು ಸಂಗಡಿಗರು 2005ರಲ್ಲಿ ಬಿಡಿಸಿಟ್ಟರು. ಅಮಾಡಿಸ್ ಮೀನು ತಿನ್ನುವುದಿಲ್ಲ, ಬೇರೆ ಬಸವನಹುಳುಗಳನ್ನು ತಿನ್ನುತ್ತದೆ. ಅಂಥದರ ವಿಷದ ಪೆಪ್ಟೈಡ್ ಸಸ್ತನಿಗಳ ಮಿದುಳಿನ ತೂಬಿನ ಮೇಲೂ ಕೆಲಸ ಮಾಡಿದ್ದು, ಯಾವ ಜಾತಿಯಲ್ಲಿ ಏನು ಸಿಕ್ಕೀತೆಂದು ಮೊದಲೇ ಹೇಳಲಾಗದು ಎಂಬುದಕ್ಕೆ ಪುರಾವೆ. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಈ ಪೆಪ್ಟೈಡ್‌ಗಳ ಅಧ್ಯಯನ ನಡೆದಿದೆ. ಕಡಲೇ ಇಲ್ಲದ ಊರುಗಳಲ್ಲಿ ಕುಳಿತು ಕಡಲ ಪ್ರಾಣಿಯ ರಹಸ್ಯ ಬಿಡಿಸುವ ಪರಂಪರೆಯೊಂದು ನಮ್ಮ ರಾಜ್ಯಕ್ಕೆ ಈಗಾಗಲೇ ಇದೆ.

ಇದಕ್ಕೆ ಎದುರಾಗಿ ವಿರೂಪಾಕ್ಷಿಪುರದ ರೈತರು ಎತ್ತಬಹುದಾದ ಆಕ್ಷೇಪ ತೂಕದ್ದು. ನಮ್ಮ ಹೊಲದಲ್ಲಿ ಜನ ಸಾಯುವುದು ಹಾವು ಕಚ್ಚಿ. ಹಣ, ಬುದ್ಧಿ ಎರಡನ್ನೂ ಅದಕ್ಕೆ ಹಾಕದೆ ಎಲ್ಲೋ ಇರುವ ಬಸವನಹುಳುವಿಗೆ ಹಾಕುವುದು ಸರಿಯೇ? ಹಾವು ಕಡಿತಕ್ಕೆ ಹೆಚ್ಚು ಹಣ ಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿವಿಷ ಸದಾ ಇರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇವೆರಡೂ ಬೇರೆ ಬೇರೆ ವಿಜ್ಞಾನವಲ್ಲ. ನಾಗರಹಾವಿನ ವಿಷ ಉಸಿರು ನಿಲ್ಲಿಸುವುದು ನರ ಮತ್ತು ಸ್ನಾಯು ಕೂಡುವಲ್ಲಿನ ಅಸಿಟೈಲ್‌ಕೋಲಿನ್ ಗ್ರಾಹಕ ಎಂಬ ಅಣುವನ್ನು ಹಿಡಿದುಕೊಂಡು. ಮೀನು ಹಿಡಿಯುವ ಶಂಕು ಬಸವನಹುಳುವಿನ ಎರಡನೇ ಹಂತದ ಪೆಪ್ಟೈಡ್‌ಗಳಲ್ಲಿ ಕೆಲವು ಹಿಡಿಯುವುದೂ ಅದೇ ಗ್ರಾಹಕವನ್ನು. ಒಂದು ಹೊಲದ ಬದುವಿನಲ್ಲಿ, ಇನ್ನೊಂದು ಹವಳದ ದಿಬ್ಬದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪ್ರಾಣಿಗಳು ಒಂದೇ ಅಣುವಿಗೆ ಗುರಿಯಿಟ್ಟಿವೆ. ಆ ಗ್ರಾಹಕ ಹೇಗಿದೆ, ಅದನ್ನು ಏನು ಹಿಡಿಯುತ್ತದೆ, ಹಿಡಿದದ್ದನ್ನು ಬಿಡಿಸುವುದು ಹೇಗೆ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರ ಎರಡೂ ಕಡೆಗೆ ಬೇಕು. ಬಸವನಹುಳುವಿನ ವಿಷವನ್ನು ಓದಲು ಕಲಿತ ಪ್ರಯೋಗಾಲಯಕ್ಕೆ ಹಾವಿನ ವಿಷವನ್ನು ಓದುವ ಕೈಚಳಕವೂ ಬಂದಿರುತ್ತದೆ.

ಕೊನೆಯ ಆಕ್ಷೇಪ: ಪೆಪ್ಟೈಡ್‌ಗಳನ್ನು ಈಗ ಪ್ರಯೋಗಾಲಯದಲ್ಲೇ ತಯಾರಿಸಬಹುದಲ್ಲ, ಪ್ರಾಣಿ ಉಳಿದರೇನು ಅಳಿದರೇನು? ಅಣುವಿನ ಜೋಡಣೆ ಗೊತ್ತಿದ್ದರೆ ತಯಾರಿಸಬಹುದು, ನಿಜ. ಗೊತ್ತಿಲ್ಲದ್ದನ್ನು ತಯಾರಿಸುವುದು ಹೇಗೆ? ಒಂದು ಜಾತಿಯ ಪೆಪ್ಟೈಡ್‌ಗಳು ಇನ್ನೊಂದರಲ್ಲಿ ಬಹುಮಟ್ಟಿಗೆ ಸಿಗುವುದಿಲ್ಲ, ಆದ್ದರಿಂದ ಒಂದು ಜಾತಿ ಅಳಿದರೆ ಹೋಗುವುದು ನೂರಾರು ಅಣುಗಳ ಪೂರ್ತಿ ಸಂಗ್ರಹ. ಇವುಗಳಲ್ಲಿ ಇಂದಿನವರೆಗೆ ಸರಿಯಾಗಿ ಪರೀಕ್ಷೆಗೆ ಒಳಗಾದವು ಅತಿ ಸ್ವಲ್ಪ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ ಕೆಂಪು ಪಟ್ಟಿಗಾಗಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆ 632 ಜಾತಿಗಳನ್ನು ಪರಿಶೀಲಿಸಿ, 67 ಜಾತಿಗಳು ಅಪಾಯದಲ್ಲಿವೆ ಅಥವಾ ಅಪಾಯದ ಅಂಚಿನಲ್ಲಿವೆ ಎಂದಿತು. ಅವುಗಳಲ್ಲಿ ಹಲವು ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳ ಸುತ್ತ ಮಾತ್ರ ಇರುವಂಥವು. ಹಾಗಾದರೆ ನಮಗೇನು ಚಿಂತೆ ಎನ್ನಬಹುದು. ಆದರೆ ಒಂದೇ ಜಾಗವನ್ನು ನಂಬಿದ ಜೀವಿ ಎಷ್ಟು ಬೇಗ ಕಷ್ಟಕ್ಕೆ ಸಿಲುಕುತ್ತದೆ ಎಂಬ ಪಾಠ ಅದರಲ್ಲಿದೆ. ಆ ಪಾಠ ಎಲ್ಲ ಕರಾವಳಿಗೂ ಸಲ್ಲುತ್ತದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೋನಸ್ ಮಿಲ್ನೆಎಡ್ವರ್ಡ್ಸಿ ಎಂಬ ಒಂದು ಜಾತಿಗೆ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿಯೂ ಇರುವ ಅನುಸೂಚಿಯಲ್ಲಿ, ಜಾಗ ಕೊಟ್ಟಿದೆ. ಚಿಪ್ಪಿನ ಚೆಲುವಿಗಾಗಿ ಸಂಗ್ರಹಕಾರರು ಮುಗಿಬೀಳುತ್ತಿದ್ದ ಜಾತಿ ಅದು. ಅನುಸೂಚಿಯ ಹೊರಗುಳಿದ ಜಾತಿಗಳಿಗೆ ಅಂಥ ಕಾವಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಕರ್ನಾಟಕಕ್ಕೆ ಸುಮಾರು 320 ಕಿಲೋಮೀಟರ್ ಕರಾವಳಿ ಇದೆ, ಮುರುಡೇಶ್ವರದ ಎದುರಿಗೆ ಹವಳ ಬೆಳೆಯುವ ನೇತ್ರಾಣಿ ದ್ವೀಪವಿದೆ. ಇಲ್ಲಿನ ಚಿಪ್ಪುಜೀವಿಗಳ ಗಣತಿ ಹುಲಿ, ಆನೆಗಳ ಗಣತಿಯಷ್ಟೇ ಕ್ರಮವಾಗಿ ನಡೆಯಬೇಕು, ಸಿಕ್ಕ ಜಾತಿಗಳ ಮಾಹಿತಿ ಬೆಂಗಳೂರು, ಕಲಬುರಗಿಯಂಥ ಕಡೆಯ ಪ್ರಯೋಗಾಲಯಗಳಿಗೆ ತಲುಪಬೇಕು. ಪ್ರವಾಸಕ್ಕೆ ಹೋದವರು ಮಾಡಬಹುದಾದ್ದು ಇನ್ನೂ ಸರಳ. ತೀರದಲ್ಲಿ ಶಂಕುವಿನಾಕಾರದ ಜೀವಂತ ಚಿಪ್ಪು ಕಂಡರೆ ಮುಟ್ಟಬಾರದು, ಜೇಬಿಗೆ ಹಾಕಬಾರದು, ಮಕ್ಕಳ ಕೈಗೆ ಕೊಡಬಾರದು. ಅದು ನಮ್ಮ ಪ್ರಾಣಕ್ಕೂ ಒಳ್ಳೆಯದು, ಅದರ ಪ್ರಾಣಕ್ಕೂ ಒಳ್ಳೆಯದು. ಅಂಗಡಿಯಲ್ಲಿ ಹೊಳಪು ಕೊಟ್ಟು ಮಾರುವ ಚಿಪ್ಪುಗಳಲ್ಲಿ ಎಷ್ಟೋ ಜೀವಂತ ಹಿಡಿದು ಕೊಂದವು ಎಂದು ತಿಳಿದು, ಅವನ್ನು ಕೊಳ್ಳದೆ ಬರಬೇಕು. ಔಷಧಿ ಸಿಗುತ್ತದೆಂಬ ಭರವಸೆ ಮೇಲೆ ಮಾತ್ರ ಈ ಕಾಳಜಿ ನಿಲ್ಲಬಾರದು ಎಂಬುದೂ ನಿಜ. ಔಷಧಿ ಕೊಡದ ಜೀವಿಗೂ ಬದುಕುವ ಹಕ್ಕಿದೆ. ಆದರೆ ಉಪಯೋಗದ ಮಾತನ್ನೇ ಕೇಳುವ ಕಾಲದಲ್ಲಿ ಶಂಕು ಬಸವನಹುಳು ಆ ಪರೀಕ್ಷೆಯಲ್ಲೂ ಗೆಲ್ಲುತ್ತದೆ. ಕೋಟ್ಯಂತರ ವರ್ಷ ಮೀನು, ಹುಳುಗಳ ನರಮಂಡಲದ ಮೇಲೆ ಪ್ರಯೋಗ ನಡೆಸಿ ಅದು ಕಂಡುಕೊಂಡದ್ದನ್ನು ಯಾವ ಔಷಧಿ ಕಂಪನಿಯೂ ಮೊದಲಿನಿಂದ ಶುರುಮಾಡಿ ಕಂಡುಕೊಳ್ಳಲಾರದು. ಆ ಅರಿವನ್ನು ಓದಿ ಮುಗಿಸುವ ಮೊದಲೇ ಕಳೆದುಕೊಂಡರೆ ನಷ್ಟ ನಾಳೆ ನೋವಿನಲ್ಲಿ ಮಲಗುವ ರೋಗಿಗೆ, ಅವರು ಕಾರವಾರದವರಾಗಲಿ ಕನಕಪುರದವರಾಗಲಿ.